ಹೀಟರ್ ಆಮೇಲೆ, ಮೊದಲು ಟೇಪು ತನ್ನಿ

ಚಳಿ ಶುರುವಾಗುವ ಹೊತ್ತಿಗೆ, ಊರು ಬಿಟ್ಟು ಈ ಚಳಿ ದೇಶಕ್ಕೆ ಹೊಸದಾಗಿ ಬಂದವರಿಂದ ನನಗೆ ಪ್ರತಿ ವರ್ಷ ಒಂದೇ ಥರದ ಫೋನು. “ಅಣ್ಣಾ, ಯಾವ ಹೀಟರ್ ತಗೊಳ್ಳೋದು?” ನಾನು ತಿರುಗಿ ಕೇಳುವುದೂ ಒಂದೇ. “ನಿಮ್ಮ ಬಾಗಿಲ ಕೆಳಗೆ ಹೊರಗಿನ ಬೆಳಕು ಕಾಣ್ತಿದೆಯಾ?” ಆ ಕಡೆ ಯಾರೋ ಎದ್ದು ಹೋಗಿ ಬಗ್ಗಿ ನೋಡುವ ಸದ್ದು. “ಕಾಣ್ತಿದೆ ಅಣ್ಣಾ.” ಹಾಗಾದರೆ ಹೀಟರ್ ಮಾತು ಆಮೇಲೆ.

ನಾವು ಬೆಳೆದದ್ದು ಕಿಟಕಿ ತೆರೆದಿಟ್ಟ ಮನೆಗಳಲ್ಲಿ. ಮನೆ ಅಂದರೆ ಗಾಳಿ ಆಡಬೇಕು, ಅಷ್ಟೇ ನಮಗೆ ಗೊತ್ತಿದ್ದದ್ದು. ಚಳಿ ದೇಶದಲ್ಲಿ ಮನೆ ಒಂದು ಫ್ಲಾಸ್ಕ್ ಇದ್ದ ಹಾಗೆ. ಮುಚ್ಚಳ ಸಡಿಲವಿದ್ದರೆ ಒಳಗೆ ಎಷ್ಟು ಬಿಸಿ ಹಾಕಿದರೂ ಬೆಳಿಗ್ಗೆ ಹೊತ್ತಿಗೆ ತಣ್ಣಗೆ. ನನಗೆ ಇದು ಅರ್ಥವಾಗಿದ್ದು ದುಡ್ಡು ಕಳೆದುಕೊಂಡ ಮೇಲೆ. ಮೊದಲ ಚಳಿಗಾಲಕ್ಕೆ 1500 ವಾಟಿನ ಎರಡು ಹೀಟರ್ ತಂದೆ. ಒಂದೊಂದೂ ಗಂಟೆಗೆ ಒಂದೂವರೆ ಯುನಿಟ್. ದಿನಕ್ಕೆ ಎಂಟು ಗಂಟೆ ಓಡಿಸಿದರೆ ಎರಡಕ್ಕೂ ಸೇರಿ 24 ಯುನಿಟ್, ತಿಂಗಳಿಗೆ 720. ಈ ಲೆಕ್ಕವನ್ನು ಹೀಟರ್ ಕೊಳ್ಳುವ ಮುಂಚೆ ಮಾಡಬಹುದಿತ್ತು. ನಾನು ಮಾಡಿದ್ದು ಬಿಲ್ ಬಂದ ದಿನ.

ತೂತು ಹುಡುಕುವುದು

90 ಸೆಂಟಿಮೀಟರ್ ಅಗಲದ ಬಾಗಿಲ ಕೆಳಗೆ ಒಂದು ಸೆಂಟಿಮೀಟರ್ ಸಂದಿ ಇದೆ ಅಂದುಕೊಳ್ಳಿ. ನೋಡೋಕೆ ಏನೂ ಅನ್ನಿಸುವುದಿಲ್ಲ. ಆದರೆ ಅದು ಗೋಡೆಯಲ್ಲಿ ಅಂಗೈ ಅಗಲದ ತೂತು ಕೊರೆದು ಬಿಟ್ಟಿದ್ದಕ್ಕೆ ಸಮ. ಅಂಥ ತೂತು ಗೋಡೆಯಲ್ಲಿ ಕಂಡಿದ್ದರೆ ಅವತ್ತೇ ಮುಚ್ಚುತ್ತಿದ್ದಿರಿ, ಅಲ್ವಾ?

ಜೋರು ಗಾಳಿ ಇರುವ ಒಂದು ದಿನ ಫ್ಯಾನು, ಹೀಟಿಂಗ್ ಎಲ್ಲ ನಿಲ್ಲಿಸಿ. ಒಂದು ಊದುಬತ್ತಿ ಹಚ್ಚಿಕೊಂಡು ಮನೆ ಸುತ್ತಿ. ಕಿಟಕಿ ಚೌಕಟ್ಟಿನ ಅಂಚು, ಬಾಗಿಲ ನಾಲ್ಕೂ ಬದಿ, ಹೊರಗೋಡೆಯ ಪ್ಲಗ್ ಪಾಯಿಂಟು, ಸಿಂಕಿನ ಕೆಳಗೆ ಪೈಪು ಗೋಡೆಯೊಳಗೆ ಹೋಗುವ ಜಾಗ, ಬಾಗಿಲಲ್ಲಿ ಕಾಗದ ಹಾಕುವ ಸೀಳು, ಅಟ್ಟದ ಮುಚ್ಚಳ. ಹೊಗೆ ನೇರ ಮೇಲೆ ಹೋದರೆ ಸರಿ. ಅಲುಗಾಡಿದರೆ ಅಲ್ಲೊಂದು ಚೀಟಿ ಅಂಟಿಸಿ. ಪರದೆಯ ಹತ್ತಿರ ಮಾತ್ರ ಹುಷಾರು.

ಕಿಟಕಿ ಬಾಗಿಲ ಅಂಚಿಗೆ ಅಂಟಿಸುವ ಫೋಮ್ ಟೇಪು, ಬಾಗಿಲ ಕೆಳಗೆ ಕೂರಿಸುವ ರಬ್ಬರ್ ಪಟ್ಟಿ, ಇವೆರಡೇ ಸಾಮಾನಿನಲ್ಲಿ ಅರ್ಧ ಕೆಲಸ ಮುಗಿಯುತ್ತದೆ. ಪಟ್ಟಿಗೂ ದುಡ್ಡಿಲ್ಲವೇ? ಹಳೇ ಜೀನ್ಸ್ ಪ್ಯಾಂಟಿನ ಒಂದು ಕಾಲು ಕತ್ತರಿಸಿ, ಒಳಗೆ ಹರಿದ ಬಟ್ಟೆ ತುರುಕಿ, ಎರಡೂ ತುದಿ ಹೊಲಿದು ಬಾಗಿಲಿಗೆ ಒತ್ತಿಡಿ. ನಮ್ಮ ಮನೆಯಲ್ಲಿ ಅಂಥದ್ದೊಂದು ಈಗಲೂ ಇದೆ.

ಒಂಟಿ ಗಾಜಿನ ಕಿಟಕಿಗೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಬರುತ್ತದೆ. ಚೌಕಟ್ಟಿನ ಸುತ್ತ ಎರಡೂ ಬದಿ ಅಂಟಿರುವ ಟೇಪು ಹಾಕಿ, ಹಾಳೆ ಅಂಟಿಸಿ, ಮೇಲೆ ಹೇರ್ ಡ್ರೈಯರ್ ಆಡಿಸಿದರೆ ಸುಕ್ಕೆಲ್ಲ ಹೋಗಿ ಬಿಗಿಯಾಗಿ ನಿಲ್ಲುತ್ತದೆ. ಬಿಸಿ ಉಳಿಸುವುದು ಪ್ಲಾಸ್ಟಿಕ್ ಅಲ್ಲ, ಅದಕ್ಕೂ ಗಾಜಿಗೂ ನಡುವೆ ಸಿಕ್ಕಿಬಿದ್ದ ಗಾಳಿ. ಅದಕ್ಕೇ ಪಾರ್ಸಲ್ ಜೊತೆ ಬರುವ ಗುಳ್ಳೆ ಹಾಳೆಯನ್ನು ಎಸೆಯಬೇಡಿ. ಗಾಜಿನ ಮೇಲೆ ನೀರು ಚಿಮುಕಿಸಿ, ಗುಳ್ಳೆಯ ಬದಿ ಗಾಜಿಗೆ ಬರುವ ಹಾಗೆ ಒತ್ತಿದರೆ ಅಂಟಿಕೊಳ್ಳುತ್ತದೆ. ಹೊರಗಿನ ನೋಟ ಕಾಣುವುದಿಲ್ಲ. ಬಚ್ಚಲಮನೆಗೆ, ಮೆಟ್ಟಿಲ ಕಿಟಕಿಗೆ ಅಷ್ಟು ಸಾಕು.

ಈ ಅಂಟಿಸುವ ಕೆಲಸವನ್ನು ಚಳಿ ಗಟ್ಟಿಯಾಗುವ ಮುಂಚೆ ಮಾಡಿ. ತಣ್ಣಗಿರುವ ಒದ್ದೆ ಚೌಕಟ್ಟಿಗೆ ಅಂಟು ಹಿಡಿಯುವುದಿಲ್ಲ. ಒರೆಸಿ, ಒಣಗಿಸಿ, ಆಮೇಲೆ ಟೇಪು. ಮುಚ್ಚಬಾರದ ತೂತುಗಳೂ ಇವೆ. ಗ್ಯಾಸ್ ಉಪಕರಣಕ್ಕೆ ಗಾಳಿ ಬರಲೆಂದೇ ಬಿಟ್ಟ ಜಾಲರಿ, ಅಡುಗೆಮನೆ ಬಚ್ಚಲುಮನೆಯ ಎಕ್ಸಾಸ್ಟ್, ಬೆಂಕಿ ಬಿದ್ದರೆ ಹಾರಿ ಹೋಗಬೇಕಾದ ಕಿಟಕಿ. ಇವುಗಳ ತಂಟೆಗೆ ಹೋಗಬೇಡಿ.

ಪರದೆಗೆ ಒಂದೇ ನಿಯಮ: ಬಿಸಿಲು ಬೀಳುವ ಕಿಟಕಿಯದನ್ನು ಹಗಲು ತೆರೆಯಿರಿ, ಕತ್ತಲಾದ ತಕ್ಷಣ ಎಲ್ಲವನ್ನೂ ಎಳೆಯಿರಿ. ಪರದೆ ರೇಡಿಯೇಟರ್ (ಒಳಗೆ ಬಿಸಿನೀರು ಹರಿದು ಕೋಣೆ ಬೆಚ್ಚಗೆ ಮಾಡುವ, ಗೋಡೆಗೆ ಕೂರಿಸಿದ ಲೋಹದ ಫಲಕ) ಮೇಲೆ ಇಳಿಬಿದ್ದರೆ ಬಿಸಿಯೆಲ್ಲ ಗಾಜಿನ ಕಡೆಗೇ ಹೋಗುತ್ತದೆ. ಮಡಿಚಿ ಪಿನ್ ಹಾಕಿ. ಸೋಫಾ ಕೂಡ ರೇಡಿಯೇಟರಿಗೆ ಅಂಟಿಕೊಂಡಿರಬಾರದು.

ಅಲ್ಮೇರಾ ಹಿಂದಿನ ಕಪ್ಪು

ಇದರ ಬಗ್ಗೆ ನನಗೆ ಯಾರೂ ಹೇಳಿರಲಿಲ್ಲ. ಎರಡನೇ ವರ್ಷ ಮನೆಯ ಸಂದಿಯೆಲ್ಲ ಮುಚ್ಚಿ ಹೆಮ್ಮೆಯಿಂದ ಕೂತಿದ್ದೆ. ಮಲಗುವ ಕೋಣೆಯಲ್ಲೇನೋ ಹಳೇ ಗೋಣಿಚೀಲದ ವಾಸನೆ. ಒಂದು ದಿನ ಅಲ್ಮೇರಾ ಸರಿಸಿದೆವು. ಹಿಂದಿನ ಗೋಡೆ ಸೊಂಟದೆತ್ತರಕ್ಕೆ ಕಪ್ಪಗಾಗಿ ಬೂಷ್ಟು ಹಿಡಿದಿತ್ತು. ಅದಕ್ಕೆ ತಾಗಿಕೊಂಡಿದ್ದ ಮಗುವಿನ ಒಳ್ಳೆಯ ಜಾಕೆಟ್ಟೂ ಹೋಯಿತು.

ಕಾರಣ ಸರಳ. ಬೆಚ್ಚಗಿನ ಗಾಳಿ ಜಾಸ್ತಿ ನೀರನ್ನು ಹಿಡಿದುಕೊಳ್ಳುತ್ತದೆ, ತಣ್ಣಗಾದರೆ ಬಿಟ್ಟುಬಿಡುತ್ತದೆ. 20 ಡಿಗ್ರಿ ಕೋಣೆಯಲ್ಲಿ ತೇವಾಂಶ ಶೇಕಡಾ 50 ಇದ್ದರೆ, 9 ಡಿಗ್ರಿಗಿಂತ ತಣ್ಣಗಿರುವ ಯಾವ ಜಾಗ ಸಿಕ್ಕಿದರೂ ಅಲ್ಲಿ ನೀರು ಕೂರುತ್ತದೆ. ತೇವಾಂಶ 60 ಆದರೆ 12 ಡಿಗ್ರಿಯ ಗೋಡೆಯೇ ಸಾಕು. ಅಲ್ಮೇರಾವನ್ನು ಹೊರಗೋಡೆಗೆ ಒತ್ತಿಟ್ಟಾಗ ಕೋಣೆಯ ಬಿಸಿ ಹಿಂದೆ ಹೋಗುವುದಿಲ್ಲ, ಗೋಡೆ ತಣ್ಣಗೇ ಇರುತ್ತದೆ. ಒಂದು ಕೈ ಹಿಡಿಸುವಷ್ಟು ಜಾಗ ಬಿಟ್ಟು ಇಡಿ. ಸಾಧ್ಯವಾದರೆ ಒಳಗೋಡೆಗೆ ಇಡಿ, ಇನ್ನೂ ಒಳ್ಳೆಯದು.

ನೀರು ಬರುವುದಾದರೂ ಎಲ್ಲಿಂದ? ನಮ್ಮಿಂದಲೇ. ಉಸಿರು, ಸ್ನಾನ, ಅಡುಗೆ. ಎಲ್ಲಕ್ಕಿಂತ ಮೋಸದ್ದು ಒಳಗೆ ಒಣಹಾಕುವ ಬಟ್ಟೆ. ಮಷಿನ್ನಿನ ಒಂದು ಸಲದ ಬಟ್ಟೆಯಿಂದ ಸುಮಾರು ಎರಡು ಲೀಟರ್ ನೀರು ಮನೆಯ ಗಾಳಿಗೆ ಸೇರುತ್ತದೆ. ಡ್ರೈಯರಿಗೆ ದುಡ್ಡು ಎಲ್ಲಿಂದ ತರೋದು ಅಂತ ನೀವು ಕೇಳಬಹುದು, ನಾವೂ ಒಳಗೇ ಒಣಗಿಸುತ್ತೇವೆ. ಆದರೆ ಒಂದೇ ಕೋಣೆಯಲ್ಲಿ, ಬಾಗಿಲು ಹಾಕಿ, ಅಲ್ಲಿನ ಕಿಟಕಿ ಒಂದಿಷ್ಟು ತೆರೆದು ಅಥವಾ ಎಕ್ಸಾಸ್ಟ್ ಹಾಕಿ. ಮಷಿನ್ನಿನಲ್ಲಿ ಇನ್ನೊಂದು ಸಲ ಬರೀ ಹಿಂಡುವ ಸುತ್ತು ತಿರುಗಿಸಿ, ಒಂದಿಷ್ಟು ನೀರು ಅಲ್ಲೇ ಹೋಗುತ್ತದೆ. ಪಾತ್ರೆಗೆ ಮುಚ್ಚಳ ಹಾಕಿ ಬೇಯಿಸಿ. ಸ್ನಾನವಾದ ಮೇಲೂ ಕಾಲು ಗಂಟೆ ಫ್ಯಾನು ಓಡಲಿ, ಬಚ್ಚಲ ಬಾಗಿಲು ಮುಚ್ಚಿರಲಿ.

ದಿನಕ್ಕೆ ಎರಡು ಸಲ, ಹಾಳೆ ಅಂಟಿಸದ ಕಿಟಕಿಗಳನ್ನು ಪೂರ್ತಿ ತೆರೆದು ಐದು ನಿಮಿಷ ಗಾಳಿ ಆಡಿಸಿ. ಇಡೀ ದಿನ ಒಂದು ಕಿಟಕಿ ಓರೆ ತೆರೆದಿಟ್ಟರೆ ಗೋಡೆಯೇ ತಣ್ಣಗಾಗುತ್ತದೆ. ಐದು ನಿಮಿಷಕ್ಕೆ ಹೋಗುವುದು ಗಾಳಿ ಮಾತ್ರ. ಗೋಡೆ, ಸಾಮಾನುಗಳ ಬಿಸಿ ಹಾಗೇ ಉಳಿದು ಹೊಸ ಗಾಳಿಯನ್ನು ಬೇಗ ಬೆಚ್ಚಗೆ ಮಾಡುತ್ತದೆ. ಬರುವ ಚಳಿಗಾಳಿಯಲ್ಲಿ ನೀರಿನ ಅಂಶವೂ ಕಡಿಮೆ. ತೇವಾಂಶ ತೋರಿಸುವ ಪುಟ್ಟ ಮೀಟರ್ ಅಗ್ಗಕ್ಕೆ ಸಿಗುತ್ತದೆ. 40ರಿಂದ 50ರ ಆಸುಪಾಸು ಇದ್ದರೆ ನಿಶ್ಚಿಂತೆ. 60 ದಾಟಿ ಅಲ್ಲೇ ನಿಂತರೆ ಏನೋ ತಪ್ಪಾಗುತ್ತಿದೆ. ತುಂಬಾ ಕೊರೆಯುವ ಒಣ ಚಳಿಯ ಕಡೆ ಉಲ್ಟಾ ಸಮಸ್ಯೆ. ತುಟಿ ಒಡೆಯುತ್ತದೆ, ಮೂಗು ಉರಿಯುತ್ತದೆ. ಅಲ್ಲಿ ಬಟ್ಟೆ ಒಳಗೆ ಒಣಗಿಸುವುದೇ ಔಷಧಿ.

ಎಷ್ಟು ಡಿಗ್ರಿ?

ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಮನೆಗಳ ಬಗ್ಗೆ ಹೊರಡಿಸಿದ ಮಾರ್ಗಸೂಚಿಯಲ್ಲಿ, ಚಳಿ ಕಾಲದಲ್ಲಿ ಒಳಗೆ ಕನಿಷ್ಠ 18 ಡಿಗ್ರಿ ಇರಲಿ ಎನ್ನುತ್ತದೆ. ವಯಸ್ಸಾದವರು, ಎಳೆಮಕ್ಕಳು, ಎದೆಯ ತೊಂದರೆ ಇರುವವರು ಇದ್ದರೆ ಇನ್ನೂ ಸ್ವಲ್ಪ ಜಾಸ್ತಿ ಬೇಕು. ಊರಿಂದ ಬಂದ ಅಪ್ಪ ಅಮ್ಮ “ನಮಗೇನೂ ಆಗಲ್ಲ ಬಿಡಪ್ಪ, ಬಿಲ್ ಬರುತ್ತೆ” ಅಂತ ಆಫ್ ಮಾಡಿ ಕೂರುತ್ತಾರೆ. ಆ ಮಾತು ಕೇಳಬೇಡಿ.

ಮನೆ ಎಷ್ಟು ಡಿಗ್ರಿ ಇರಬೇಕು ಅಂತ ಗೊತ್ತುಮಾಡುವ ಥರ್ಮೋಸ್ಟಾಟ್ ಕಾರಿನ ಆಕ್ಸಿಲರೇಟರ್ ಅಲ್ಲ. 28ಕ್ಕೆ ತಿರುಗಿಸಿದರೆ ಮನೆ ಬೇಗ ಬಿಸಿಯಾಗುವುದಿಲ್ಲ. ಅದೇ ವೇಗದಲ್ಲಿ ಬಿಸಿಯಾಗಿ, 20ರಲ್ಲಿ ನಿಲ್ಲಬೇಕಾದದ್ದು ಮುಂದೆ ಓಡುತ್ತದೆ ಅಷ್ಟೇ. ಹೊರಗೆ ಹೋಗುವಾಗ, ರಾತ್ರಿ ಮಲಗುವಾಗ ಕೆಲವು ಡಿಗ್ರಿ ಇಳಿಸಿ. ಇಡೀ ದಿನ ಒಂದೇ ಹದದಲ್ಲಿಟ್ಟರೆ ಉಳಿತಾಯ ಎಂಬ ಮಾತು ಸುಳ್ಳು. ಒಳಗೂ ಹೊರಗೂ ಬಿಸಿಯ ವ್ಯತ್ಯಾಸ ಎಷ್ಟು ಜಾಸ್ತಿಯೋ ಸೋರುವುದೂ ಅಷ್ಟು ಜಾಸ್ತಿ. ಹೀಟ್ ಪಂಪ್ (ಹೊರಗಿನ ಬಿಸಿಯನ್ನು ಹೀರಿ ಒಳಗೆ ತರುವ ಯಂತ್ರ) ಇರುವ ಮನೆಯಲ್ಲಿ ಮಾತ್ರ ಪದೇ ಪದೇ ಏರಿಳಿಸಬೇಡಿ, ಅದು ನಿಧಾನವಾಗಿ ಓಡಿದಾಗಲೇ ಮಿತವ್ಯಯ.

ರೇಡಿಯೇಟರಿನ ಕೆಳಭಾಗ ಬಿಸಿ, ಮೇಲ್ಭಾಗ ತಣ್ಣಗೆ ಇದ್ದರೆ ಒಳಗೆ ಗಾಳಿ ಸೇರಿಕೊಂಡಿದೆ ಎಂದರ್ಥ. ಅದನ್ನು ಬಿಡಿಸಲು ಪುಟ್ಟ ಕೀಲಿ ಇರುತ್ತದೆ. ಮನೆ ಮಾಲೀಕರಿಗೆ ಹೇಳಿ, ಅವರೇ ಮಾಡಿಸಬಹುದು. ಬಿಸಿಗಾಳಿ ಊದುವ ವ್ಯವಸ್ಥೆಯಾದರೆ ಫಿಲ್ಟರ್ ತಿಂಗಳಿಗೊಮ್ಮೆ ನೋಡಿ.

ಈಗ ಹೀಟರ್ ಮಾತು. 1500 ವಾಟ್ ಅಂದರೆ 1500 ವಾಟ್. ಅಗ್ಗದ್ದೂ ದುಬಾರಿಯದ್ದೂ ಅಷ್ಟೇ ಕರೆಂಟಿಗೆ ಅಷ್ಟೇ ಬಿಸಿ ಕೊಡುತ್ತವೆ. ಪ್ಲಗ್ಗಿಗೆ ನೇರ ಸಿಕ್ಕಿಸುವ ಪುಟ್ಟ ಡಬ್ಬಿ ಇಡೀ ಮನೆ ಬಿಸಿ ಮಾಡುತ್ತದೆ ಅನ್ನುವ ಜಾಹೀರಾತು ನೋಡಿ ನಕ್ಕು ಮುಂದೆ ಹೋಗಿ. ಬಡವರ ಲೆಕ್ಕಕ್ಕೆ ಕೂರುವುದು ಮನೆಯನ್ನಲ್ಲ, ಮನುಷ್ಯನನ್ನು ಬಿಸಿ ಮಾಡುವ ಸಾಮಾನು. ಎಲೆಕ್ಟ್ರಿಕ್ ಕಂಬಳಿ ನೂರು ವಾಟಿನ ಆಸುಪಾಸಿನದ್ದು. ರಬ್ಬರಿನ ಬಿಸಿನೀರ ಚೀಲಕ್ಕೆ ಕರೆಂಟೇ ಬೇಡ. ಕುದಿಯುವ ನೀರು ಮಾತ್ರ ಸುರಿಯಬೇಡಿ, ರಬ್ಬರ್ ಹಳತಾಗಿ ಬಿರುಕು ಬಿಟ್ಟಿದ್ದರೆ ಎಸೆಯಿರಿ.

ಕೊಂಡ ಹೀಟರನ್ನು ನೇರ ಗೋಡೆಯ ಪ್ಲಗ್ಗಿಗೇ ಹಾಕಿ. ಎಕ್ಸ್‌ಟೆನ್ಷನ್ ಬಾಕ್ಸ್ ಕರಗಿ ಹೋದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಸುತ್ತ ಒಂದು ಮೀಟರ್ ಏನೂ ಇರಬಾರದು, ಮಲಗುವಾಗ ಆಫ್.

ಇದು ದುಡ್ಡಿನ ಮಾತಲ್ಲ: ಒಳಗೆ ಇದ್ದಿಲು ಒಲೆ ಹಚ್ಚಬೇಡಿ. ಗ್ಯಾಸ್ ಒಲೆ ಹೊತ್ತಿಸಿಟ್ಟು ಮನೆ ಬೆಚ್ಚಗೆ ಮಾಡಬೇಡಿ. ಇವುಗಳಿಂದ ಬರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ಕಿಟಕಿ ತೆರೆದಿಟ್ಟ ಮನೆಯಲ್ಲಿ ನಮ್ಮವರು ಬಚಾವಾಗುತ್ತಿದ್ದರು, ಈಗ ನೀವು ಟೇಪು ಹಾಕಿ ಮುಚ್ಚಿದ್ದೀರಿ. ಮನೆಯಲ್ಲಿ ಎಲ್ಲರಿಗೂ ಒಟ್ಟಿಗೇ ತಲೆನೋವು, ತಲೆಸುತ್ತು, ವಾಕರಿಕೆ ಬಂದು, ಹೊರಗೆ ಹೋದರೆ ಕಡಿಮೆಯಾದರೆ ಅದು ಫ್ಲೂ ಅಲ್ಲದಿರಬಹುದು. ಎಲ್ಲರೂ ಹೊರಬಂದು ತುರ್ತು ನಂಬರಿಗೆ ಫೋನ್ ಮಾಡಿ. ಈ ಅನಿಲ ಪತ್ತೆ ಮಾಡಿ ಕೂಗುವ ಅಲಾರ್ಮ್ ಇಲ್ಲದ ಮನೆಗೆ ಮೊದಲ ಖರ್ಚು ಅದೇ ಆಗಲಿ, ಟೇಪಿಗಿಂತ ಮೊದಲು.

ಪೈಪು, ಬಟ್ಟೆ, ಬಿಲ್ಲು

ನೀರು ಹೆಪ್ಪುಗಟ್ಟಿದಾಗ ಶೇಕಡಾ 9ರಷ್ಟು ಹಿಗ್ಗುತ್ತದೆ, ಪೈಪು ಒಡೆಯುವುದು ಅದಕ್ಕೇ. ಮನೆಗೆ ಹೋದ ಮೊದಲ ವಾರವೇ ನೀರಿನ ಮುಖ್ಯ ವಾಲ್ವ್ ಎಲ್ಲಿದೆ ಅಂತ ಕೇಳಿಕೊಂಡು, ಒಂದು ಸಲ ತಿರುಗಿಸಿ ನೋಡಿ. ಹೊರಗಿನ ನಲ್ಲಿಗೆ ಸಿಕ್ಕಿಸಿದ ರಬ್ಬರ್ ಪೈಪು ಬಿಚ್ಚಿ. ಕಡು ಚಳಿಯ ರಾತ್ರಿ ಸಿಂಕಿನ ಕೆಳಗಿನ ಕಪಾಟಿನ ಬಾಗಿಲು ತೆರೆದಿಟ್ಟು, ಹೊರಗೋಡೆಯ ಕಡೆಯ ನಲ್ಲಿಯಲ್ಲಿ ಸಣ್ಣಗೆ ನೀರು ಹರಿಯಲು ಬಿಡಿ. ಊರಿಗೆ ಹೋಗುವಾಗ ಹೀಟಿಂಗ್ ಪೂರ್ತಿ ಆಫ್ ಮಾಡಬೇಡಿ, 12–13 ಡಿಗ್ರಿಯಲ್ಲಾದರೂ ಇರಲಿ. ಒಳಗೆ ನೀರು ಹೆಪ್ಪುಗಟ್ಟಿದ ಪೈಪಿಗೆ ಹೇರ್ ಡ್ರೈಯರ್ ಸಾಕು, ಬೆಂಕಿ ಬೇಡ.

ಬಟ್ಟೆಯಲ್ಲಿ ಒಂದು ದಪ್ಪ ಕೋಟಿಗಿಂತ ಮೂರು ತೆಳು ಪದರ ಒಳ್ಳೆಯದು. ಮೈಗೆ ತಾಗುವ ಪದರ ಹತ್ತಿಯದ್ದಾದರೆ ಬೆವರು ಹೀರಿ ಒದ್ದೆಯಾಗಿಯೇ ಇರುತ್ತದೆ, ಉಣ್ಣೆ ಅಥವಾ ಪಾಲಿಯೆಸ್ಟರ್ ಹಾಕಿ. ಸೆಕೆಂಡ್ ಹ್ಯಾಂಡ್ ಕೋಟಿಗೆ ನಾಚಿಕೆ ಬೇಡ, ಮಕ್ಕಳ ಬಟ್ಟೆಯಂತೂ ಒಂದೇ ಚಳಿಗಾಲ ಹಾಕಿ ಕೊಟ್ಟದ್ದಾಗಿರುತ್ತದೆ. ನೀರು ಇಳಿಯದ, ಜಾರದ ಬೂಟು ಒಂದನ್ನು ಮಾತ್ರ ಹೊಸದು ತಗೊಳ್ಳಿ. ಕಾರಿನ ಸೀಟಿನಲ್ಲಿ ಮಗುವಿಗೆ ಉಬ್ಬು ಜಾಕೆಟ್ ಹಾಕಿ ಬೆಲ್ಟ್ ಕಟ್ಟಬೇಡಿ, ಬೆಲ್ಟ್ ಸಡಿಲವಾಗಿಯೇ ಉಳಿಯುತ್ತದೆ. ಬೆಲ್ಟ್ ಬಿಗಿದು ಮೇಲೆ ಹೊದಿಸಿ.

ಮನೆಗೆ ಬಂದ ದಿನವೇ ಮೀಟರಿನ ಫೋಟೋ ತೆಗೆದಿಡಿ. ಅಂದಾಜಿನ ಮೇಲೆ ಬಿಲ್ ಬಂದರೆ ಅದೇ ನಿಮ್ಮ ಸಾಕ್ಷಿ. ವರ್ಷದ ಖರ್ಚನ್ನು ಹನ್ನೆರಡು ತಿಂಗಳಿಗೆ ಸಮವಾಗಿ ಹಂಚಿ ಕಟ್ಟುವ ಸೌಲಭ್ಯ ಇದೆಯಾ ಎಂದು ಕಂಪನಿಗೆ ಕೇಳಿ. ಕಟ್ಟಲಾಗದಿದ್ದರೆ ಬಿಲ್ ಬಾಕಿ ಬೀಳುವ ಮುಂಚೆಯೇ ಹೇಳಿ. ಹಲವು ದೇಶಗಳಲ್ಲಿ ಕಡಿಮೆ ಆದಾಯದವರಿಗೆ ಹೀಟಿಂಗ್ ಸಹಾಯಧನ ಇದೆ, ಹೊಸಬರಿಗೆ ಗೊತ್ತಿರುವುದಿಲ್ಲ ಅಷ್ಟೇ. ಹತ್ತಿರದ ಲೈಬ್ರರಿಯಲ್ಲಿ ವಿಚಾರಿಸಿದರೆ ದಾರಿ ತೋರಿಸುತ್ತಾರೆ. ಹೀಟಿಂಗ್ ಕೆಟ್ಟಿದೆ, ಗೋಡೆ ಒದ್ದೆ ಅನ್ನುವ ದೂರನ್ನು ಬಾಯಲ್ಲಿ ಹೇಳಿ ಸುಮ್ನೆ ಕೂರಬೇಡಿ. ಫೋಟೋ ಜೊತೆ ಬರೆದು ಕಳಿಸಿ, ತಾರೀಕು ಉಳಿಯುತ್ತದೆ.

ಚಳಿ ಮುಗಿದ ಮೇಲೆ ಟೇಪನ್ನು ಕಿತ್ತು ಎಳೆಯಬೇಡಿ. ಹೇರ್ ಡ್ರೈಯರಿನಿಂದ ಬೆಚ್ಚಗೆ ಮಾಡಿ, ಮೂಲೆಯಿಂದ ನಿಧಾನಕ್ಕೆ ಬಿಡಿಸಿ. ನನ್ನ ಮೊದಲ ಬಾಡಿಗೆ ಮನೆಯಲ್ಲಿ ಅಷ್ಟು ತಾಳ್ಮೆ ಇರಲಿಲ್ಲ. ಟೇಪಿನ ಜೊತೆ ಚೌಕಟ್ಟಿನ ಬಣ್ಣವೂ ಬಂತು, ಅಡ್ವಾನ್ಸಿನಲ್ಲಿ ಬಣ್ಣದ ದುಡ್ಡು ಹಿಡಿದುಕೊಂಡರು.