ಇಶಾಪುರದ ಹಳೆಯ ರೈಫಲ್ ಕೊಂಡ ನನ್ನ ಅನುಭವ

ಸೈನ್ಯದ ಹಳೆಯ ರೈಫಲ್‌ಗಳ ಮೇಲೆ ಆಸೆ ಇಟ್ಟುಕೊಂಡವರು ನಮ್ಮ ದೇಶದಲ್ಲಿ ಮೊದಲು ಓದಬೇಕಾದದ್ದು 1959ರ ಶಸ್ತ್ರಾಸ್ತ್ರ ಕಾಯ್ದೆಯನ್ನು. ಎರಡು ಮಹಾಯುದ್ಧಗಳಲ್ಲಿ ನಮ್ಮ ಸಿಪಾಯಿಗಳು ಹೊತ್ತ .303 ಲೀ-ಎನ್‌ಫೀಲ್ಡ್ ರೈಫಲ್ ಇಂದಿಗೂ ಸಾಮಾನ್ಯ ಪರವಾನಗಿದಾರರಿಗೆ ಸಿಗುವಂತಿಲ್ಲ. ಸೈನ್ಯದ .303 ಅಥವಾ 7.62 ಮಿ.ಮೀ. ತೋಟಾ ಹಾರಿಸಬಲ್ಲ ರೈಫಲ್‌ಗಳು, ಪೊಲೀಸರ ಕೈಯಲ್ಲಿದ್ದ .410 ಮಸ್ಕೆಟ್‌ಗಳು, ಇವೆಲ್ಲವೂ ನಿಷೇಧಿತ ಬೋರ್‌ನ, ಅಂದರೆ ನಿಷೇಧಿತ ನಳಿಗೆ ಅಳತೆಯ, ಪಟ್ಟಿಯಲ್ಲಿವೆ. ಇದರ ಮೇಲೆ 2019ರ ತಿದ್ದುಪಡಿ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳ ಮಿತಿಯನ್ನು ಮೂರರಿಂದ ಎರಡಕ್ಕೆ ಇಳಿಸಿತು. ತಂದೆಯವರ ಕಾಲದ ಜೋಡುನಳಿಗೆ ಕೋವಿ ಈಗಾಗಲೇ ನನ್ನ ಹೆಸರಿನಲ್ಲಿದ್ದುದರಿಂದ ಉಳಿದದ್ದು ಒಂದೇ ಜಾಗ. ಆ ಒಂದನ್ನು ಅವಸರವಿಲ್ಲದೆ, ಚೆನ್ನಾಗಿ ಅರಿತು ಆರಿಸಬೇಕೆಂದು ನಿರ್ಧರಿಸಿದೆ.

ನಾನು ಆರಿಸಿದ್ದು ಇಶಾಪುರದ .315 ಸ್ಪೋರ್ಟಿಂಗ್ ರೈಫಲ್. ಸೈನ್ಯದಿಂದ ಕದ್ದ ತೋಟಾ ಖಾಸಗಿ ಬಂದೂಕಿನಲ್ಲಿ ಹಾರಬಾರದೆಂದು ಬ್ರಿಟಿಷರು .303 ಅನ್ನು ಸೇನೆಗೆ ಮೀಸಲಿಟ್ಟಾಗ ನಾಗರಿಕರ ಬಳಕೆಗೆ ಬಂದ ಅಳತೆಗಳಲ್ಲಿ .315 ಒಂದು. ಮೂಲದಲ್ಲಿ ಅದು ಆಸ್ಟ್ರಿಯಾ-ಹಂಗೇರಿ ಸೈನ್ಯದ 8×50 ಮಿ.ಮೀ. ಮ್ಯಾನ್ಲಿಕರ್ ತೋಟಾ. ಬಂಗಾಳದ ಇಶಾಪುರ ಕಾರ್ಖಾನೆಯವರು ಈ ತೋಟಾಕ್ಕೆ ರೈಫಲ್ ಮಾಡಿದ್ದು ಲೀ-ಎನ್‌ಫೀಲ್ಡ್‌ನದೇ ಬೋಲ್ಟ್ (ತೋಟಾವನ್ನು ಒಳಗೆ ತಳ್ಳಿ ನಳಿಗೆಯ ಹಿಂಬದಿ ಮುಚ್ಚುವ ಭಾಗ) ಮತ್ತು ಅದು ಕೂರುವ ಬಾಡಿಯ ಮೇಲೆ. ಮುಚ್ಚುವಾಗ ಕೊನೆಯ ಅಂಗುಲದಲ್ಲಿ ಸ್ಪ್ರಿಂಗ್ ಬಿಗಿಯಾಗುವ ಅದೇ ಬೋಲ್ಟ್ ಇಲ್ಲೂ ಇದೆ. ಸೈನ್ಯದ ರೈಫಲ್ಲಿಗೆ ಕಾನೂನಿನೊಳಗೆ ಇಷ್ಟು ಹತ್ತಿರವಾದದ್ದು ಬೇರೊಂದು ಇಲ್ಲವೆಂದೇ ನನ್ನ ಅಭಿಪ್ರಾಯ.

ಮಾರುವವರು ಮೂಡಿಗೆರೆ ಕಡೆಯ ಹಿರಿಯ ಪ್ಲಾಂಟರ್. ಮಕ್ಕಳೆಲ್ಲ ಬೆಂಗಳೂರಿನಲ್ಲಿ ನೆಲೆಸಿದ್ದರಿಂದ ರೈಫಲ್ ನೋಡಿಕೊಳ್ಳುವವರಿರಲಿಲ್ಲ. ನಾನು ಸಕಲೇಶಪುರದವನಾದ್ದರಿಂದ ಹಾಸನದ ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ಅರ್ಜಿ ಹಾಕಿ, ಪೊಲೀಸ್ ವರದಿ ಮುಗಿದು, ಎರಡನೆಯ ಬಂದೂಕು ಕೊಳ್ಳಲು ಅನುಮತಿ ಸಿಕ್ಕಿದ ನಂತರವೇ ಅವರೊಂದಿಗೆ ಬೆಲೆಯ ಮಾತಾಡಿದೆ. ಖಾಸಗಿಯಾಗಿ ಮಾರುವವರು ತಮ್ಮ ಉದ್ದೇಶವನ್ನು ಜಿಲ್ಲಾ ದಂಡಾಧಿಕಾರಿಗಳಿಗೆ ಅಥವಾ ಹತ್ತಿರದ ಠಾಣಾಧಿಕಾರಿಗೆ ಬರವಣಿಗೆಯಲ್ಲಿ ತಿಳಿಸಿ, ಆಮೇಲೆ ಕನಿಷ್ಠ 45 ದಿನ ಕಳೆದ ಮೇಲಷ್ಟೇ ಬಂದೂಕನ್ನು ಹಸ್ತಾಂತರಿಸಬೇಕೆಂದು ಕಾಯ್ದೆಯ 5ನೇ ಕಲಮು ಹೇಳುತ್ತದೆ. ಈ ಅವಧಿಯನ್ನು ಬೇಸರದಿಂದ ಕಳೆಯಬೇಕಿಲ್ಲ, ರೈಫಲ್ ಪರೀಕ್ಷಿಸಲು ಸಿಗುವ ಒಳ್ಳೆಯ ಸಮಯ ಅದೇ.

ಅವರ ಮನೆಯ ಜಗಲಿಯಲ್ಲಿ, ಅವರ ಎದುರಿನಲ್ಲೇ ಪರೀಕ್ಷೆ ನಡೆಯಿತು. "ಸಂಕೋಚ ಮಾಡ್ಕೋಬೇಡಿ, ಬೋಲ್ಟ್ ತೆಗೆದೇ ನೋಡಿ," ಎಂದು ಅವರೇ ಮುಂದಿಟ್ಟರು. ತೋಟಾ ಇಲ್ಲವೆಂಬುದನ್ನು ಮೊದಲು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಂಡೆ. ಬೋಲ್ಟ್ ಹಿಡಿಯ ಬುಡದ ಸಂಖ್ಯೆ, ಬಾಡಿಯ ಸಂಖ್ಯೆ, ಅವರ ಪರವಾನಗಿಯಲ್ಲಿ ಬರೆದ ಸಂಖ್ಯೆ, ಈ ಮೂರನ್ನೂ ಒಂದೊಂದೇ ಅಂಕೆಯಾಗಿ ಹೋಲಿಸಿದೆ. ಉಜ್ಜಿದ ಅಥವಾ ಮರುಕೆತ್ತಿದ ಗುರುತು ಕಂಡರೆ, ರೈಫಲ್ ಎಷ್ಟೇ ಚಂದವಿರಲಿ, ಅಲ್ಲಿಂದ ಎದ್ದುಬರುವುದೇ ಸರಿ. ಬೋಲ್ಟ್ ಬೇರೆ ರೈಫಲ್ಲಿನದಾಗಿದ್ದರೆ ತೋಟಾ ಕೂರುವ ಅಂತರ ಹೆಚ್ಚುಕಡಿಮೆಯಾಗಿ ಹಿತ್ತಾಳೆಯ ಕವಚ ಸೀಳುವ ಅಪಾಯವಿರುತ್ತದೆ.

ಆಮೇಲೆ ನಳಿಗೆ. ಬೋಲ್ಟ್ ಹೊರಗಿಟ್ಟು ಹಿಂದಿನಿಂದ ಬೆಳಕಿನ ಕಡೆಗೆ ನೋಡಿದರೆ ಗುಂಡನ್ನು ತಿರುಗಿಸುವ ಒಳಗಿನ ತಿರುಪು ಗೀರುಗಳು ತುದಿಯವರೆಗೂ ಚೂಪಾಗಿ ಕಾಣಬೇಕು. ಹಳೆಯ ತೋಟಾಗಳ ಕೇಪಿನಲ್ಲಿ (ಮದ್ದಿಗೆ ಕಿಡಿ ಹೊತ್ತಿಸುವ ಬುಡದ ಬಿಲ್ಲೆಯಲ್ಲಿ) ಇದ್ದ ಕ್ಲೋರೇಟ್ ಉರಿದ ಮೇಲೆ ಉಪ್ಪಾಗಿ ಒಳಗೆ ಉಳಿಯುತ್ತದೆ, ಮಲೆನಾಡಿನ ಗಾಳಿಯ ತೇವ ಹೀರಿ ಉಕ್ಕನ್ನು ತಿನ್ನುತ್ತದೆ. ಬರಿಯ ಎಣ್ಣೆಗೆ ಈ ಉಪ್ಪು ಕರಗದು, ಕುದಿನೀರೇ ಬೇಕು. ಈ ರೈಫಲ್ಲಿನಲ್ಲಿ ಹಿಂಭಾಗದ ಬಳಿ ಒಂದಿಷ್ಟು ಕಪ್ಪು ಕುಳಿಗಳಿದ್ದವು, ಮುಂದಿನ ಭಾಗ ಮಾತ್ರ ಹೊಳೆಯುತ್ತಿತ್ತು. ನಳಿಗೆಯ ಬಾಯಿಯನ್ನೂ ಸುತ್ತ ನೋಡಿದೆ, ಏಕೆಂದರೆ ಸ್ವಚ್ಛ ಮಾಡುವ ಹಗ್ಗವನ್ನು ವರ್ಷಗಟ್ಟಲೆ ಓರೆಯಾಗಿ ಎಳೆದರೆ ಅಂಚಿನ ಒಂದೇ ಕಡೆ ಸವೆದು ಗುರಿ ಕೆಡುತ್ತದೆ. ಟ್ರಿಗರ್‌ನ ಮುಂದಿನ ಮರದಲ್ಲಿ ಬಿರುಕಿದೆಯೇ ಎಂದೂ ಪರಿಶೀಲಿಸಿದೆ. ಪ್ರತಿ ಗುಂಡಿನ ಒದೆತವನ್ನು ತಾಳುವ ಮರ ಅದು. ಇಶಾಪುರದವರು ಸೈನ್ಯದ ರೈಫಲ್‌ಗಳ ಮರಕ್ಕೆ ಅಡ್ಡ ಸ್ಕ್ರೂ ಹಾಕುತ್ತಿದ್ದುದು ಅದು ಸೀಳದಿರಲೆಂದೇ.

ಬಟ್ಟಿನ, ಅಂದರೆ ಹೆಗಲಿಗೆ ಒತ್ತುವ ಹಿಂಬದಿ ಮರದ, ಹಿತ್ತಾಳೆ ತಟ್ಟೆಯ ಪುಟ್ಟ ಮುಚ್ಚಳ ತೆರೆದಾಗ ಒಳಗಿಂದ ಎಣ್ಣೆಯ ಸಣ್ಣ ಹಿತ್ತಾಳೆ ಶೀಶೆ ಮತ್ತು ತುದಿಗೆ ಭಾರ ಕಟ್ಟಿದ ಹಗ್ಗ ಹೊರಬಂದವು. ಇವು ಕಳೆದುಹೋಗದೆ ರೈಫಲ್ ಜೊತೆಗೇ ಉಳಿದಿರುವುದು ಸಂಗ್ರಹಕಾರನಿಗೆ ನಿಜಕ್ಕೂ ದೊಡ್ಡ ಸಂತೋಷ.

ಹಸ್ತಾಂತರದ ನಂತರ ರೈಫಲ್ ತೋರಿಸಿ ಪರವಾನಗಿಯಲ್ಲಿ ನಮೂದು ಮಾಡಿಸಿದೆ. ಮಳೆಗಾಲದಲ್ಲಿ ಅದನ್ನು ಚರ್ಮದ ಚೀಲದಲ್ಲಿ ಇಡುವುದಿಲ್ಲ, ಚರ್ಮ ತೇವ ಹಿಡಿಯುತ್ತದೆ. ಬೀಗದ ಕಬ್ಬಿಣದ ಕಪಾಟಿನಲ್ಲಿ ನೆಟ್ಟಗೆ ನಿಲ್ಲಿಸಿ, ಬೋಲ್ಟನ್ನು ಬೇರೆ ಬೀಗದಲ್ಲಿಟ್ಟು, ಲೋಹಕ್ಕೆ ತೆಳುವಾಗಿ ಎಣ್ಣೆ, ಮರಕ್ಕೆ ವರ್ಷಕ್ಕೊಮ್ಮೆ ಅಗಸೆ ಎಣ್ಣೆ ಸವರುತ್ತೇನೆ. ಚುನಾವಣೆ ಘೋಷಣೆಯಾಗಿ ಠಾಣೆಯಲ್ಲಿ ಠೇವಣಿ ಇಡಬೇಕಾದಾಗ ನಳಿಗೆಗೆ ಗಟ್ಟಿ ಗ್ರೀಸ್ ಹಚ್ಚಿ, ರಸೀದಿಯಲ್ಲಿ ಸಂಖ್ಯೆಯ ಜೊತೆಗೆ ಶೀಶೆ, ಹಗ್ಗ, ಹೆಗಲಿಗೆ ಹಾಕುವ ಪಟ್ಟಿಯನ್ನೂ ಬರೆಸಿಕೊಳ್ಳುತ್ತೇನೆ. ಬಿಡಿಸಿಕೊಂಡು ಬಂದ ದಿನವೇ ಆ ಗ್ರೀಸ್ ಪೂರ್ತಿ ಒರೆಸಿ ತೆಗೆಯಬೇಕು. ಗ್ರೀಸ್ ಉಳಿದ ನಳಿಗೆಯಲ್ಲಿ ಗುಂಡು ಹಾರಿಸುವುದು ಅಪಾಯ.