ಟ್ರಾನ್ಸಿಸ್ಟರನ್ನು ಸ್ವಿಚ್ಚಾಗಿ ಬಳಸುವುದು: ಆರ್ಡುಯಿನೊದಿಂದ ರಿಲೇ ನಡೆಸುವ ಸರ್ಕ್ಯೂಟ್

ಆರ್ಡುಯಿನೊ ಉನೊ ಎಂಬ ಸಣ್ಣ ಮೈಕ್ರೋಕಂಟ್ರೋಲರ್ ಬೋರ್ಡಿನ ಒಂದು ಪಿನ್ನಿನಿಂದ 20 ಮಿಲಿಆಂಪಿಯರ್‌ವರೆಗೆ ಮಾತ್ರ ನಿಶ್ಚಿಂತೆಯಾಗಿ ಕರೆಂಟ್ ಪಡೆಯಬಹುದು. 40 ಮಿಲಿಆಂಪಿಯರ್ ದಾಟಿದರೆ ಚಿಪ್ಪೇ ಕೆಡಬಹುದು. ಅಂಗಡಿಗಳಲ್ಲಿ ಸಿಗುವ 5 ವೋಲ್ಟಿನ ಸಣ್ಣ ನೀಲಿ ರಿಲೇಯ (ಕಾಯಿಲ್ ಎಂಬ ತಂತಿಸುರುಳಿಗೆ ಕರೆಂಟ್ ಕೊಟ್ಟಾಗ ಕಾಂತಶಕ್ತಿಯಿಂದ ನಡೆಯುವ ಸ್ವಿಚ್) ಕಾಯಿಲ್‌ನ ರೋಧ ಸುಮಾರು 70 ಓಮ್ ಇರುವುದರಿಂದ ಅದಕ್ಕೆ ಸುಮಾರು 71 ಮಿಲಿಆಂಪಿಯರ್ ಬೇಕು. ಆದ್ದರಿಂದ ರಿಲೇಯನ್ನು ಪಿನ್ನಿಗೆ ನೇರವಾಗಿ ಜೋಡಿಸಬಾರದು. ಪಿನ್ ಕೊಡುವ ಸಣ್ಣ ಕರೆಂಟಿನಿಂದ ಕಾಯಿಲ್‌ನ ದೊಡ್ಡ ಕರೆಂಟನ್ನು ಆಳುವ ಕೆಲಸವನ್ನು ಒಂದು ಎನ್‌ಪಿಎನ್ ಟ್ರಾನ್ಸಿಸ್ಟರ್ ಮಾಡುತ್ತದೆ. ಅದರ ಮೂರು ಕಾಲುಗಳಲ್ಲಿ ಬೇಸಿಗೆ ಕೊಟ್ಟ ಸಣ್ಣ ಕರೆಂಟ್, ಕಲೆಕ್ಟರಿನಿಂದ ಎಮಿಟರಿಗೆ ದೊಡ್ಡ ಕರೆಂಟ್ ಹರಿಯಲು ಬಿಡುತ್ತದೆ.

ಇಲ್ಲಿ ಬಿಸಿ547 ಎಂಬ ಟ್ರಾನ್ಸಿಸ್ಟರ್ ಸಾಕು. ಅದರ ಕಲೆಕ್ಟರ್ ಕರೆಂಟಿನ ಮಿತಿ 100 ಮಿಲಿಆಂಪಿಯರ್ ಆದ್ದರಿಂದ ಒಂದು ರಿಲೇಯನ್ನು ಅದು ತಾಳಿಕೊಳ್ಳುತ್ತದೆ, ಎರಡನ್ನು ತಾಳುವುದಿಲ್ಲ. ಚಪ್ಪಟೆ ಮೈಯನ್ನು ನಮ್ಮ ಕಡೆಗೆ ತಿರುಗಿಸಿ ಕಾಲುಗಳನ್ನು ಕೆಳಕ್ಕೆ ಹಿಡಿದರೆ ಎಡದಿಂದ ಬಲಕ್ಕೆ ಕಲೆಕ್ಟರ್, ಬೇಸ್, ಎಮಿಟರ್ ಬರುತ್ತವೆ. ಬೇರೆ ಟ್ರಾನ್ಸಿಸ್ಟರ್ ಬಳಸುವವರು ಈ ಕ್ರಮವನ್ನೇ ನಂಬದೆ ತಯಾರಕರ ಮಾಹಿತಿಪತ್ರವಾದ ಡೇಟಾಶೀಟ್ ನೋಡಬೇಕು.

ಎಮಿಟರನ್ನು ಗ್ರೌಂಡಿಗೂ ಕಲೆಕ್ಟರನ್ನು ಕಾಯಿಲ್‌ನ ಒಂದು ತುದಿಗೂ ಜೋಡಿಸಿ, ಕಾಯಿಲ್‌ನ ಇನ್ನೊಂದು ತುದಿಯನ್ನು 5 ವೋಲ್ಟಿಗೆ ಕೊಡಬೇಕು. ಕಾಯಿಲನ್ನು ಎಮಿಟರಿನ ಕಡೆಗೆ ಇಡುವುದು ಹೊಸಬರಲ್ಲಿ ಸಾಮಾನ್ಯ. ಹಾಗೆ ಮಾಡಿದರೆ ಬೇಸಿಗೂ ಎಮಿಟರಿಗೂ ನಡುವಿನ 0.7 ವೋಲ್ಟ್ ಕಳೆದು ಕಾಯಿಲ್‌ಗೆ ಹೆಚ್ಚೆಂದರೆ 4.3 ವೋಲ್ಟ್ ಉಳಿಯುತ್ತದೆ.

ಎಲ್ಲಕ್ಕಿಂತ ಹೆಚ್ಚು ಗಮನ ಬೇಡುವುದು ಬೇಸ್ ರೆಸಿಸ್ಟರಿನ ಲೆಕ್ಕ. ಬಿಸಿ547ರ ಗೇನ್ (ಕಲೆಕ್ಟರ್ ಕರೆಂಟ್ ಬೇಸ್ ಕರೆಂಟಿನ ಎಷ್ಟು ಪಟ್ಟು ಎಂಬ ಸಂಖ್ಯೆ) 110ಕ್ಕಿಂತ ಹೆಚ್ಚೆಂದು ಓದಿ, 71ನ್ನು 110ರಿಂದ ಭಾಗಿಸಿ, ಬೇಸಿಗೆ 0.65 ಮಿಲಿಆಂಪಿಯರ್ ಸಾಕೆಂದು ತೀರ್ಮಾನಿಸುವವರು ಬಹಳ. ಆ ಗೇನ್ ಸಿಗ್ನಲ್ ವರ್ಧಿಸುವ ಸ್ಥಿತಿಗೆ ಸೇರಿದ್ದು, ಅದೂ ಕೇವಲ 2 ಮಿಲಿಆಂಪಿಯರ್ ಕರೆಂಟಿನಲ್ಲಿ ಅಳೆದದ್ದು. ಸ್ವಿಚ್ಚಿಗೆ ಬೇಕಾದದ್ದು ಸ್ಯಾಚುರೇಶನ್, ಅಂದರೆ ಬೇಸಿಗೆ ಧಾರಾಳವಾಗಿ ಕರೆಂಟ್ ಕೊಟ್ಟು ಕಲೆಕ್ಟರಿಗೂ ಎಮಿಟರಿಗೂ ನಡುವಿನ ವೋಲ್ಟೇಜನ್ನು ಆದಷ್ಟು ಕೆಳಕ್ಕಿಳಿಸಿದ ಸ್ಥಿತಿ. ಡೇಟಾಶೀಟಿನಲ್ಲಿ ಸ್ಯಾಚುರೇಶನ್ ವೋಲ್ಟೇಜನ್ನು ಕಲೆಕ್ಟರ್ ಕರೆಂಟಿನ ಇಪ್ಪತ್ತನೇ ಒಂದು ಭಾಗವನ್ನು ಬೇಸಿಗೆ ಕೊಟ್ಟು ಅಳೆದಿರುತ್ತಾರೆ. ಹತ್ತನೇ ಒಂದು ಭಾಗ ಕೊಡುವುದು ಇನ್ನೂ ಕ್ಷೇಮ. 71ರ ಹತ್ತನೇ ಒಂದು ಭಾಗ ಸುಮಾರು 7 ಮಿಲಿಆಂಪಿಯರ್. ಪಿನ್ನಿನ 5 ವೋಲ್ಟಿನಲ್ಲಿ 0.7 ಕಳೆದರೆ ಉಳಿಯುವ 4.3 ವೋಲ್ಟನ್ನು 7 ಮಿಲಿಆಂಪಿಯರಿನಿಂದ ಭಾಗಿಸಿದಾಗ ಸುಮಾರು 614 ಓಮ್ ಬರುತ್ತದೆ; ಅದಕ್ಕಿಂತ ಕೆಳಗಿನ ಪ್ರಮಾಣಿತ ಬೆಲೆಯಾದ 560 ಓಮ್ ತೆಗೆದುಕೊಳ್ಳಬಹುದು. ಆಗ ಪಿನ್ ಕೊಡುವ ಕರೆಂಟ್ 7.7 ಮಿಲಿಆಂಪಿಯರ್, ಅಂದರೆ ಮಿತಿಯೊಳಗೇ ಇರುತ್ತದೆ. 1 ಕಿಲೋಓಮ್ ಹಾಕಿದರೂ ಕೆಲಸ ನಡೆಯುತ್ತದೆ. 10 ಕಿಲೋಓಮ್ ಹಾಕಿದರೆ ರಿಲೇ ಎಳೆಯುವುದೋ ಇಲ್ಲವೋ ಎಂಬುದು ಆಯಾ ಟ್ರಾನ್ಸಿಸ್ಟರಿನ ಗೇನ್ ಮೇಲೆ ನಿಲ್ಲುತ್ತದೆ, ಇಂಥ ಸರ್ಕ್ಯೂಟನ್ನು ನಂಬಲಾಗದು.

ಆ 10 ಕಿಲೋಓಮ್ ರೆಸಿಸ್ಟರಿಗೆ ಬೇರೆ ಜಾಗವಿದೆ. ಬೋರ್ಡ್ ಚಾಲೂ ಆಗುವ ಕ್ಷಣದಲ್ಲಿ ಪಿನ್ ಹೈ (5 ವೋಲ್ಟ್), ಲೋ (0 ವೋಲ್ಟ್) ಎಂಬ ಯಾವ ಸ್ಥಿತಿಯಲ್ಲೂ ಇರುವುದಿಲ್ಲವಾದ್ದರಿಂದ, ಬೇಸಿನಿಂದ ಗ್ರೌಂಡಿಗೆ ಅದನ್ನು ಹಾಕಿದರೆ ರಿಲೇ ತಾನಾಗಿ ಟಕ್ಕೆನ್ನುವುದು ತಪ್ಪುತ್ತದೆ.

ಕಾಯಿಲ್‌ಗೆ ಅಡ್ಡಲಾಗಿ ಒಂದೇ ದಿಕ್ಕಿಗೆ ಕರೆಂಟ್ ಬಿಡುವ 1ಎನ್4007 ಡಯೋಡನ್ನು, ಬೆಳ್ಳಿಪಟ್ಟಿ ಇರುವ ತುದಿ 5 ವೋಲ್ಟಿನ ಕಡೆಗೆ ಬರುವಂತೆ ಹಾಕಲೇಬೇಕು. ಟ್ರಾನ್ಸಿಸ್ಟರ್ ಆಫ್ ಆದ ಕೂಡಲೇ ಕಾಯಿಲ್‌ನ ಕಾಂತಕ್ಷೇತ್ರ ಕುಸಿದು, ಹರಿಯುತ್ತಿದ್ದ ಕರೆಂಟನ್ನು ಮುಂದುವರಿಸಲು ಕಲೆಕ್ಟರಿನಲ್ಲಿ ಬಹಳ ಎತ್ತರದ ವೋಲ್ಟೇಜ್ ಹುಟ್ಟುತ್ತದೆ. ಬಿಸಿ547 ತಾಳುವುದು 45 ವೋಲ್ಟ್ ಮಾತ್ರ. ಡಯೋಡ್ ಇದ್ದರೆ ಆ ಕರೆಂಟ್ ಕಾಯಿಲ್ ಮತ್ತು ಡಯೋಡಿನ ನಡುವೆಯೇ ಸುತ್ತಿ ಅಡಗುತ್ತದೆ.

ಜೋಡಣೆ ಮುಗಿದ ಮೇಲೆ, ರಿಲೇಯ ಕಾಂಟ್ಯಾಕ್ಟುಗಳಿಗೆ 230 ವೋಲ್ಟ್ ಕೊಡುವ ಮೊದಲು, ಪಿನ್ನನ್ನು ಹೈ ಮಾಡಿ ಕಲೆಕ್ಟರಿಗೂ ಎಮಿಟರಿಗೂ ನಡುವೆ ಮಲ್ಟಿಮೀಟರಿನಲ್ಲಿ ಡಿಸಿ ವೋಲ್ಟೇಜ್ ಅಳೆಯಿರಿ. 0.2 ವೋಲ್ಟಿನ ಆಸುಪಾಸು ಕಂಡರೆ ಟ್ರಾನ್ಸಿಸ್ಟರ್ ಪೂರ್ತಿ ಆನ್ ಆಗಿದೆ. 1 ವೋಲ್ಟಿಗಿಂತ ಹೆಚ್ಚಿದ್ದರೆ ಬೇಸ್ ಕರೆಂಟ್ ಸಾಲದು, ಇಲ್ಲವೇ ಕಾಲುಗಳು ಅದಲುಬದಲಾಗಿವೆ. ಕಾಯಿಲ್‌ಗೆ ಪ್ರತ್ಯೇಕ ಸಪ್ಲೈ ಬಳಸುವಾಗ ಅದರ ಗ್ರೌಂಡನ್ನು ಬೋರ್ಡಿನ ಗ್ರೌಂಡಿಗೆ ಸೇರಿಸದಿದ್ದರೆ ಬೇಸ್ ಕರೆಂಟ್ ಮರಳಲು ದಾರಿಯೇ ಇರುವುದಿಲ್ಲ. 3.3 ವೋಲ್ಟಿನ ಇಎಸ್‌ಪಿ32 ಬೋರ್ಡಿನಲ್ಲಿ 560 ಓಮ್ ಮೂಲಕ ಸುಮಾರು 4.6 ಮಿಲಿಆಂಪಿಯರ್ ಸಿಗುವುದರಿಂದ ಇದೇ ಸರ್ಕ್ಯೂಟ್ ಅಲ್ಲಿಯೂ ನಡೆಯುತ್ತದೆ.