ಬಿಳಿ ಶಾರ್ಕ್ ನೋಡಲು ಪಂಜರಕ್ಕೆ ಇಳಿಯುವವರಿಗೆ ಮಲೆನಾಡಿನಲ್ಲೇ ತಯಾರಿ

ಮೆಕ್ಸಿಕೊದ ಗ್ವಾಡಲೂಪೆ ದ್ವೀಪದಲ್ಲಿ 2023ರಿಂದ ಪಂಜರದೊಳಗಿಂದ ಬಿಳಿ ಶಾರ್ಕ್ ನೋಡುವ ಪ್ರವಾಸಕ್ಕೆ ಅವಕಾಶವಿಲ್ಲ. ಈಗ ಹೊರಡುವವರಿಗೆ ದಕ್ಷಿಣ ಆಸ್ಟ್ರೇಲಿಯಾದ ನೆಪ್ಚೂನ್ ದ್ವೀಪಗಳೇ ಸರಿ. ಪೋರ್ಟ್ ಲಿಂಕನ್‌ನಿಂದ ಸುಮಾರು 70 ಕಿ.ಮೀ., ದೋಣಿಯಲ್ಲಿ ಹತ್ತಿರಹತ್ತಿರ ಮೂರು ಗಂಟೆ. ದೋಣಿಗೆ ಕಟ್ಟಿದ ಪಂಜರ ನೀರಿನ ಮೇಲ್ಮಟ್ಟದಲ್ಲೇ ಇರುತ್ತದೆ, ಉಸಿರಾಟಕ್ಕೆ ಗಾಳಿ ಮೇಲಿಂದ ಕೊಳವೆಯಲ್ಲಿ ಬರುತ್ತದೆ. ಹಾಗಾಗಿ ಡೈವಿಂಗ್ ಸರ್ಟಿಫಿಕೇಟ್ ಬೇಡ. ಹೋದವರ ದಿನ ಕೆಡಿಸುವುದು ಹೆಚ್ಚಾಗಿ ಮೂಗು, ಹೊಟ್ಟೆ, ಚಳಿ.

ಮೊದಲು ಮೂಗು. ಕಣ್ಣು-ಮೂಗು ಮುಚ್ಚುವ ಡೈವಿಂಗ್ ಮಾಸ್ಕ್ ಒಳಗೆ ನಾಲ್ಕು ಹನಿ ನೀರು ಬಂದರೆ ಸಾಕು, ಅಭ್ಯಾಸವಿಲ್ಲದವರು ಮೂಗಿನಲ್ಲೇ ಉಸಿರೆಳೆದು, ಕೆಮ್ಮಿ, ಗಾಬರಿಯಾಗಿ ಮೇಲೆ ಬಂದುಬಿಡುತ್ತಾರೆ. ಡಿಸೆಂಬರ್ ಬೆಳಿಗ್ಗೆ ಬಾವಿ ನೀರು ಸೇದಿ ಅಗಲ ಬಾಯಿಯ ಬಕೆಟ್ ತುಂಬಿಸಿ. ಮಾಸ್ಕ್ ಹಾಕದೆ, ಸ್ನಾರ್ಕೆಲ್ (ಬಾಯಲ್ಲಿ ಉಸಿರಾಡುವ ಕೊಳವೆ) ಕಚ್ಚಿಕೊಂಡು ಮುಖ ಮುಳುಗಿಸಿ ಬಾಯಲ್ಲೇ ಉಸಿರಾಡಿ. ತಣ್ಣೀರು ತಾಗಿದೊಡನೆ ಉಸಿರು ಕಟ್ಟಿದಂತಾಗುತ್ತದೆ. ಮೊದಲ ದಿನ ಅರ್ಧ ನಿಮಿಷವೂ ಕಷ್ಟ. ಐದು ನಿಮಿಷ ಆರಾಮಾಗಿ ಆಗುವವರೆಗೆ ದಿನಾ ಮಾಡಿ, ಪಕ್ಕದಲ್ಲಿ ಒಬ್ಬರಿರಲಿ. ಆಮೇಲೆ ಈಜುಕೊಳದಲ್ಲಿ ಮಾಸ್ಕ್‌ನ ನೀರು ತೆಗೆಯುವುದು: ಮೇಲಂಚನ್ನು ಹಣೆಗೆ ಒತ್ತಿ, ತಲೆಯೆತ್ತಿ, ಮೂಗಿನಿಂದ ನಿಧಾನ ಊದಬೇಕು. ಮಳೆಗಾಲ ಮುಗಿದ ಮೇಲೆ ಮುರ್ಡೇಶ್ವರಕ್ಕೆ ಇಳಿದು ನೇತ್ರಾಣಿ ದ್ವೀಪದಲ್ಲಿ ಒಂದು ಸ್ಕೂಬಾ (ಗಾಳಿ ಸಿಲಿಂಡರ್ ಕಟ್ಟಿಕೊಂಡು ಮುಳುಗುವುದು) ಮಾಡಿದರೆ ಇನ್ನೂ ಒಳ್ಳೆಯದು. ದಪ್ಪ ಮೀಸೆ ಇದ್ದವರು ಮೂಗಿನ ಕೆಳಗೆ ಒಂದು ಗೆರೆಯಷ್ಟು ಕತ್ತರಿಸಿಕೊಳ್ಳಿ, ಇಲ್ಲವಾದರೆ ಅಲ್ಲಿಂದಲೇ ನೀರು ಜಿನುಗುತ್ತದೆ.

ಆಗುಂಬೆ ಘಾಟಿಯಲ್ಲಿ ಹೊಟ್ಟೆ ತೊಳಸುವವರು ಮಾತ್ರೆಯಿಲ್ಲದೆ ದೋಣಿ ಹತ್ತಲೇಬೇಡಿ. ವಾಂತಿ ಶುರುವಾದ ಮೇಲೆ ನುಂಗಿದ್ದು ನಿಲ್ಲುವುದಿಲ್ಲ. ಯಾವುದು, ಎಷ್ಟು ಹೊತ್ತು ಮುಂಚೆ ಎಂದು ಡಾಕ್ಟರನ್ನು ಕೇಳಿ, ಊರಲ್ಲೇ ಒಮ್ಮೆ ತೆಗೆದುಕೊಂಡು ಎಷ್ಟು ನಿದ್ದೆ ಬರುತ್ತದೆ ನೋಡಿ. ಅಸ್ತಮಾ, ಹೃದಯದ ತೊಂದರೆ ಇದ್ದರೆ ಟಿಕೆಟ್ ಮಾಡುವ ಮೊದಲೇ ಹೇಳಿ.

ನೀರು ಬೇಸಿಗೆಯಲ್ಲಿ, ಅಂದರೆ ನಮ್ಮ ಫೆಬ್ರವರಿಯಲ್ಲಿ, 20 ಡಿಗ್ರಿ ಆಸುಪಾಸು. ಆಗಸ್ಟಿನಲ್ಲಿ 15ರ ಹತ್ತಿರ. ನೀರಿನಲ್ಲಿ ಮೈ ಬೆಚ್ಚಗಿಡುವ ದಪ್ಪ ವೆಟ್‌ಸೂಟ್ ದೋಣಿಯವರೇ ಕೊಡುತ್ತಾರೆ. ಬಿಗಿಯಾಗಿರುವುದನ್ನೇ ಕೇಳಿ, ಸಡಿಲವಿದ್ದರೆ ಒಳಗೆ ನೀರು ಓಡಾಡಿ ಮೈ ಬಿಸಿ ಕೊಂಡೊಯ್ಯುತ್ತದೆ. ಸೂಟ್ ತೇಲಿಸುವುದರಿಂದ ಸೊಂಟಕ್ಕೆ ಸೀಸದ ಭಾರ ಕಟ್ಟುತ್ತಾರೆ. ಭಾರ ಕಡಿಮೆಯೆನಿಸಿದರೆ ಸಂಕೋಚವಿಲ್ಲದೆ ಹೇಳಿ. ಪಂಜರದ ತಳದಲ್ಲಿ ಕಾಲೂರಿ ನಿಂತರೆ ಮಾತ್ರ ನೋಡಲಾಗುತ್ತದೆ.

ಒಳಗೆ ಹೋದ ಮೇಲೆ ಒಳಗಿನ ಹಿಡಿಯನ್ನೇ ಹಿಡಿಯಿರಿ. ಬೆರಳಾಗಲಿ ಕ್ಯಾಮೆರಾ ಕೋಲಾಗಲಿ ಸರಳಿನಾಚೆ ಹೋಗಬಾರದು. ಉಸಿರು ಬಿಗಿಹಿಡಿಯಬೇಡಿ. ಎಲ್ಲರೂ ಮೀನಿನ ತುಂಡು ಕಟ್ಟಿದ ಹಗ್ಗವನ್ನೇ ನೋಡುತ್ತಿರುತ್ತಾರೆ. ನೀವು ಕಾಲಿನ ಕೆಳಗೆ ನೋಡಿ. ಶಾರ್ಕ್ ಹೆಚ್ಚಾಗಿ ಆಳದಿಂದ ಏಳುತ್ತದೆ, ಬೂದುಬೆನ್ನು ಕತ್ತಲ ನೀರಿನಲ್ಲಿ ಬೆರೆತುಹೋಗಿರುತ್ತದೆ. ಅದು ವಾಲಿದಾಗ ಹೊಟ್ಟೆಯ ಬಿಳಿ ಒಮ್ಮೆ ಮಿಂಚುತ್ತದೆ. ಹಲ್ಲು ಕಟಕಟಿಸತೊಡಗಿದರೆ ಕೂಡಲೇ ಹತ್ತಿ, ಮೈ ಒರೆಸಿ, ಬಿಸಿಯಾಗಿ ಏನಾದರೂ ಕುಡಿದು, ಮುಂದಿನ ಸರದಿಗೆ ಮತ್ತೆ ಇಳಿಯಿರಿ.